ಹನ್ನೊಂದು ಸಲ ತೆರೆದ ಪುಟ

"ಈ ಮನೇಲಿ ವೆಬ್‌ಸೈಟ್ ಇಟ್ಟಿರೋರು ಯಾರ್ರೀ?"

ಗೇಟಿನ ಹೊರಗಿನಿಂದ ಬಂದ ಗಡುಸು ದನಿಗೆ ತೇಜಸ್ವಿನಿ ತಲೆ ಎತ್ತಿದಳು. ಸಂಪಿನ ಮುಚ್ಚಳ ತೆಗೆದು, ನೀರು ಎಷ್ಟು ಬಿದ್ದಿದೆ ಎಂದು ಬಗ್ಗಿ ನೋಡುತ್ತಿದ್ದವಳು ಅವಳು. ಬೆಳಗಿನ ಏಳೂಮುಕ್ಕಾಲು. ನೈಟಿಯ ಮೇಲೊಂದು ಟವೆಲ್ಲು, ತಲೆ ತುಂಬ ಹರಳೆಣ್ಣೆ. ಪ್ರೇಮಕಥೆಯ ನಾಯಕಿ ಮೊದಲ ಸಲ ಕಾಣಿಸಿಕೊಳ್ಳುವ ವೇಷ ಇದಲ್ಲ, ಒಪ್ಪಿದೆ. ಆದರೆ ತಾನು ನಾಯಕಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಾನೇ. ಯಾಕೆ?"

"ನೀವೇನಾ!"

ಗೇಟಿನಾಚೆ ನಿಂತವನ ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಚಾವಿ ಇತ್ತು. ರಸ್ತೆಯ ಗುಂಡಿಯೊಳಗಿನ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ಕಾವೇರಿ ನೀರು ಬಿಡುವ ಚಾವಿ ಅದು. ಸುಮಾರು ಮೂವತ್ತರ ವಯಸ್ಸು, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕೆಂಪಗಾದ ಮುಖ.

"ಒಂಬತ್ತನೇ ಕ್ರಾಸಲ್ಲಿ ಒಬ್ರು ಆಂಟಿ ನನ್ನ ಗಾಡಿ ಕೀ ಕಿತ್ಕೊಂಡು ಇಟ್ಕೊಂಡಿದಾರೆ. ವೆಬ್‌ಸೈಟಲ್ಲಿ ಆರೂವರೆ ಅಂತಿದೆ, ನೀನ್ಯಾಕೆ ಏಳೂವರೆಗೆ ಬಂದೆ ಅಂತಾರೆ. ಇವತ್ತು ಮೇಲಿಂದಾನೇ ಲೇಟಾಗಿ ಬಂತು. ಅದು ನನ್ನ ತಪ್ಪಾ? ಆರೂವರೆ ಅಂತ ನಾನು ಹೇಳಿದ್ನಾ?"

ತೇಜಸ್ವಿನಿ ನಾಲಿಗೆ ಕಚ್ಚಿಕೊಂಡಳು. ಅಯ್ಯೋ... ಹೋದ ವಾರದ ಟೈಮ್ ನೋಡಿ ನಾನೇ ಅಂದಾಜಿಗೆ ಹಾಕಿದ್ದು!

"ಒಂದು ನಿಮಿಷ ಇರಿ, ಬಂದೆ," ಎಂದು ಒಳಗೋಡಿ ಚೂಡಿದಾರ್ ತೊಟ್ಟು ಬಂದಳು. ಎಣ್ಣೆ ತಲೆಗೆ ಮಾತ್ರ ಏನೂ ಮಾಡಲಾಗಲಿಲ್ಲ.

ಒಂಬತ್ತನೇ ಕ್ರಾಸಿನ ಸುಧಾಮಣಿ ಆಂಟಿ ನಾಲ್ಕು ಬಿಂದಿಗೆ, ಎರಡು ಡ್ರಮ್ಮು, ಒಂದು ಬೈಕಿನ ಕೀ ಸಮೇತ ಜಗುಲಿಯ ಮೇಲೆ ಕೂತಿದ್ದರು. ತೇಜಸ್ವಿನಿ ಕೈ ಮುಗಿದಳು.

"ಆಂಟಿ, ತಪ್ಪು ನಂದು. ಇವ್ರದ್ದಲ್ಲ. ನಾನೇ ಸುಮ್ನೆ ಅಂದಾಜಿಗೆ ಹಾಕ್ದೆ."

"ಅಂದಾಜಿಗೆ ಹಾಕೋಕೆ ಅದೇನು ಸಾರಿಗೆ ಉಪ್ಪಾ?" ಎಂದರು ಆಂಟಿ. ಆದರೂ ಕೀ ಕೊಟ್ಟರು.

ವಾಪಸ್ ಬರುವಾಗ ಅವನ ಕೋಪ ಅರ್ಧ ದಾರಿಯಲ್ಲೇ ಇಳಿದುಹೋಗಿತ್ತು. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ಅವನು ಈ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಕಂಡಿರಲಿಲ್ಲ. ಹೆಸರು ಸಿದ್ದರಾಜು ಎಂದ. ಐಟಿಐ ಓದಿ, ವಾಲ್ವ್‌ಮ್ಯಾನ್ ಆಗಿ ಕಾಂಟ್ರಾಕ್ಟ್ ಮೇಲೆ ಇದ್ದೇನೆ ಎಂದ.

"ಆ ವೆಬ್‌ಸೈಟ್ ಆಫೀಸ್ ಎಲ್ಲಿದೆ ಮೇಡಂ? ಅಲ್ಲಿಗೆ ಹೋಗಿ ನಾನೇ ಕರೆಕ್ಟ್ ಟೈಮ್ ಕೊಟ್ಟು ಬರ್ತೀನಿ."

ತೇಜಸ್ವಿನಿ ನಕ್ಕಳು. "ಆಫೀಸಾ? ಬನ್ನಿ ತೋರಿಸ್ತೀನಿ."

ಕದಿರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಅದೇ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ, ಆರು ಬಾಡಿಗೆ ಮನೆ. ಆರು ಮನೆಯವರೂ ದಿನ ಬೆಳಗಾದರೆ "ನೀರು ಬಂತಾ ಆಂಟಿ?" ಎಂದು ಕೇಳಿ ಅಮ್ಮ ಈಶ್ವರಮ್ಮನ ತಲೆ ತಿನ್ನುತ್ತಿದ್ದರು. ಜಯನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮಗಳು ಅದಕ್ಕೊಂದು ವೆಬ್‌ಸೈಟ್ ಮಾಡಿದಳು. ಯಾವ ಕ್ರಾಸಿಗೆ ಎಷ್ಟು ಗಂಟೆಗೆ ನೀರು, ಅಷ್ಟೇ. ಮೂರು ತಿಂಗಳಲ್ಲಿ ಇಡೀ ಬಡಾವಣೆಯೇ ಅದನ್ನು ನೋಡತೊಡಗಿತು.

ಇಂಥದ್ದನ್ನು ಎಲ್ಲರೂ ಯಾವುದೋ ಕಂಪನಿಯ ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಹಿಡಿದು ಇಡುತ್ತಾರೆ. ಆದರೆ ಅಪ್ಪ ಚಿಕ್ಕಬೈರಪ್ಪ ಆ ಮಾತು ಕೇಳಿದ್ದೇ ತಡ, "ನಾವು ಬಾಡಿಗೆಗೆ ಕೊಡೋರಮ್ಮಾ. ಬಾಡಿಗೆಗೆ ಹೋಗೋರಲ್ಲ!" ಎಂದುಬಿಟ್ಟಿದ್ದರು. ಹಾಗಾಗಿ ವೆಬ್‌ಸೈಟ್ ಸ್ವಂತ ಮನೆಯಲ್ಲೇ ಇತ್ತು.

ಅಡುಗೆಮನೆಯ ಪಕ್ಕದ ಮೂಲೆಯಲ್ಲಿ, ವೆಟ್ ಗ್ರೈಂಡರಿನ ಬದಿಗೆ, ಒಂದು ಮರದ ಸ್ಟೂಲು. ಅದರ ಮೇಲೆ ತೇಜಸ್ವಿನಿ ಡಿಗ್ರಿ ಓದುವಾಗ ಕೊಂಡ ಹಳೆಯ ಕಂಪ್ಯೂಟರು. ಈಶ್ವರಮ್ಮ ಹೊಲಿದ ಹೂವಿನ ಬಟ್ಟೆಯ ಹೊದಿಕೆ. ಹಗಲೂ ರಾತ್ರಿ ಗುಯ್‌ಗುಟ್ಟುವ ಫ್ಯಾನು.

ಸಿದ್ದರಾಜು ಕಣ್ಣರಳಿಸಿದ. "ಇಷ್ಟೇನಾ! ನಾನು ಎಸಿ ರೂಮು, ಗಾಜಿನ ಬಾಗ್ಲು ಅಂದ್ಕೊಂಡಿದ್ದೆ."

"ಇಷ್ಟೇ. ನಿಮ್ ಫೋನಲ್ಲಿ ಆ ಪುಟ ತೆರೆದ್ರೆ, ಅದು ಇಲ್ಲಿಗೇ ಬಂದು ಕೇಳುತ್ತೆ. ಈ ಡಬ್ಬ ಉತ್ತರ ಕೊಡುತ್ತೆ."

"ಇದು ಆಫ್ ಆದ್ರೆ?"

"ಆಫ್ ಆದ್ರೆ ಕೇಳಿದ್ದಕ್ಕೆ ಉತ್ತರ ಇರಲ್ಲ."

ಅವನು ಅದನ್ನು ತಮಾಷೆಯೆಂದುಕೊಂಡು ನಕ್ಕ.

ಆ ವಾರವೇ ಅವಳು ಅವನಿಗಾಗಿ ಬೇರೆಯೇ ಒಂದು ಪುಟ ಮಾಡಿಕೊಟ್ಟಳು. ವಾಲ್ವ್ ತಿರುಗಿಸಿದ ಕೂಡಲೇ ಆ ಕ್ರಾಸಿನ ಬಟನ್ ಒತ್ತಿದರೆ ಸಾಕು, ವೆಬ್‌ಸೈಟಿನಲ್ಲಿ ಸಮಯ ಬರುತ್ತಿತ್ತು. ಕೆಳಗೆ ಟಿಪ್ಪಣಿಗೆಂದು ಒಂದು ಚಿಕ್ಕ ಖಾನೆ. ಪೈಪು ಒಡೆದಿದ್ದರೆ, ನೀರು ತಡವಾಗುವುದಿದ್ದರೆ ಬರೆಯಲಿ ಎಂದು. ಅದು ಅವಳಿಗೆ ಮಾತ್ರ ಕಾಣುತ್ತಿತ್ತು. ಆ ಪುಟದ ವಿಳಾಸ ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.

ಮೊದಲ ವಾರ ಅವನು ನಿಷ್ಠೆಯಿಂದ ಬರೆದ. 'ಆರನೇ ಕ್ರಾಸ್ ಪ್ರೆಷರ್ ಕಮ್ಮಿ.' 'ಇವತ್ತು ಅರ್ಧ ಗಂಟೆ ಲೇಟ್.'

ಎರಡನೇ ವಾರ: 'ಹನ್ನೆರಡನೇ ಕ್ರಾಸಲ್ಲಿ ಹೊಂಗೆ ಹೂ ಬಿದ್ದು ಮುಚ್ಚಳವೇ ಕಾಣಲ್ಲ. ಗುಡಿಸಿ ಹುಡುಕಿದೆ.'

ಇದನ್ನು ಊರಿಗೆ ತೋರಿಸುವುದೋ ಬೇಡವೋ? ತೇಜಸ್ವಿನಿ ಯೋಚಿಸಿದಳು. ತೋರಿಸಲಿಲ್ಲ. ಬದಲಿಗೆ ಅವನ ಪುಟದ ನೆತ್ತಿಯ ಮೇಲೆ ಒಂದು ಸಾಲಿನ ಉತ್ತರ ಕಾಣುವ ಹಾಗೆ ಮಾಡಿದಳು. 'ಗುಡಿಸಿದ ಹೂ ಏನು ಮಾಡಿದ್ರಿ?'

'ಅಲ್ಲೇ ಪಕ್ಕಕ್ಕೆ ಇಟ್ಟೆ. ನೀವು ನೋಡ್ತೀರಾ ಅಂತ ಗೊತ್ತಿದ್ರೆ ಚೆನ್ನಾಗಿ ಇಡ್ತಿದ್ದೆ.'

ಹೀಗೆ ಶುರುವಾಯಿತು. ನೀರು ಬರುವುದು ದಿನ ಬಿಟ್ಟು ದಿನ, ಹಾಗಾಗಿ ಪ್ರೇಮವೂ ದಿನ ಬಿಟ್ಟು ದಿನವೇ ಬೆಳೆಯಿತು. ಅವಳು ಕಾಲೇಜಿಗೆ ಹೊರಡುವ ಹೊತ್ತಿಗೆ ಅವನು ಮೂಲೆಯ ಗುಂಡಿಯ ಬಳಿ ಇರುತ್ತಿದ್ದ. "ಊಟಕ್ಕೇನು?" "ಚಿತ್ರಾನ್ನ." "ಬಸ್ ಬಂತು ನೋಡಿ." ಎರಡು ನಿಮಿಷ, ಅಷ್ಟೇ. ಉಳಿದದ್ದೆಲ್ಲ ಆ ಖಾನೆಯಲ್ಲಿ.

ಒಬ್ಬರ ಫೋನ್ ನಂಬರ್ ಇನ್ನೊಬ್ಬರು ಕೇಳಿರಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಅವಳು. ಕೇಳುವ ಯೋಗ್ಯತೆ ನನಗಿದೆಯಾ ಎಂದು ಅವನು. ವಿಲ್ಸನ್ ಗಾರ್ಡನ್‌ನ ಒಂದು ಕೋಣೆಯ ಮನೆಯಲ್ಲಿ ಬೆಳೆದವನು ಸಿದ್ದರಾಜು. ಮೂರು ಅಂತಸ್ತಿನ ಮನೆಯ ಮಗಳು ನಗುತ್ತ ಮಾತಾಡಿದ್ದನ್ನೇ ದೊಡ್ಡದೆಂದು ತಿಳಿದಿದ್ದ.

ಒಮ್ಮೆ ಈಶ್ವರಮ್ಮ ಅಲಸಂದೆಕಾಯಿ ಸುಲಿಯುತ್ತ, "ಆ ನೀರು ಬಿಡೋ ಹುಡುಗ ಒಳ್ಳೇವ್ನು ಕಣೇ," ಎಂದರು. ಅದಕ್ಕೆ ಮಗಳು, "ನಾನೇನು ಅವ್ರ ಜೊತೆ ಮಾತಾಡಲ್ವಲ್ಲಮ್ಮಾ!" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಈಶ್ವರಮ್ಮ ಒಂದು ಸಲ ಮುಖ ನೋಡಿ ಮತ್ತೆ ಕಾಯಿ ಸುಲಿದರು.

ದಸರಾ ಬಂತು. ಆ ವರ್ಷ ಆಯುಧಪೂಜೆ ಬುಧವಾರ.

ಬೆಳಿಗ್ಗೆ ಐದೂಮುಕ್ಕಾಲಿಗೇ ಈಶ್ವರಮ್ಮ ಮಗಳನ್ನು ಬನಶಂಕರಿ ಮಾರ್ಕೆಟ್ಟಿಗೆ ಅಟ್ಟಿದರು. ಬೂದುಗುಂಬಳ, ಬಾಳೆಕಂದು, ಚೆಂಡುಹೂ ತರಬೇಕಿತ್ತು. ಅವಳು ಅತ್ತ ಹೋಗುತ್ತಲೂ ಅವರು ಇತ್ತ ಸೆರಗು ಸಿಕ್ಕಿಸಿ ನಿಂತರು. ಸ್ಕೂಟರ್ ತೊಳೆದಾಯಿತು. ಮಿಕ್ಸಿ, ಗ್ರೈಂಡರು, ಹೊಲಿಗೆ ಮೆಷಿನ್ನು ಒರೆಸಿದ್ದಾಯಿತು. ಈಳಿಗೆಮಣೆಗೂ ಕುಂಕುಮ ಬಿತ್ತು. ಆಮೇಲೆ ಸ್ಟೂಲಿನ ಮೇಲಿನ ಡಬ್ಬದತ್ತ ತಿರುಗಿದರು.

ಮಗಳ ಅನ್ನ ಅದು. ಅದನ್ನು ಬಿಟ್ಟರೆ ಆಗುತ್ತದೆಯೇ?

ಆರೂಕಾಲಿಗೆ ಈಶ್ವರಮ್ಮ ಭಕ್ತಿಯಿಂದ ಎಲ್ಲಾ ವೈರುಗಳನ್ನೂ ಕಿತ್ತರು. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಮೂರು ಕಡೆ ಕುಂಕುಮ ಇಟ್ಟರು.

ಏಳಕ್ಕೆ ಮನೆಗೆ ಬಂದ ತೇಜಸ್ವಿನಿ ಕಿರುಚಿಯೇಬಿಟ್ಟಳು. "ಅಮ್ಮಾ! ಅದನ್ನ್ಯಾಕೆ ಆಫ್ ಮಾಡ್ದೆ?"

"ಇನ್ನೇನು, ಆಯುಧಪೂಜೆ ದಿನಾನೂ ಅದು ದುಡೀಬೇಕಾ? ವರ್ಷಕ್ಕೊಂದಿನ ಎತ್ತಿಗೂ ನೊಗ ಇಳಿಸ್ತಿದ್ವಿ ನಾವು. ನಾಳೆ ಬೆಳಿಗ್ಗೆ ಪೂಜೆ ಮಾಡಿ ಶುರು ಮಾಡ್ಕೋ. ಅಲ್ಲೀವರ್ಗೂ ಮುಟ್ಬೇಡ."

ವಾದಿಸಿ ಗೆಲ್ಲುವ ಜಾಗವಲ್ಲ ಅದು. ಅಲ್ಲದೆ ಹಬ್ಬಕ್ಕೆಂದು ನೀರು ನಿನ್ನೆಯೇ ಬಂದಿತ್ತು, ಇನ್ನು ಸರದಿ ಶುಕ್ರವಾರಕ್ಕೆ. ಒಂದು ದಿನ ತಾನೇ... ಎಂದುಕೊಂಡು ತೇಜಸ್ವಿನಿ ಚೆಂಡುಹೂವಿನ ಹಾರವನ್ನು ತಾನೇ ಅದರ ಕೊರಳಿಗೆ ಹಾಕಿದಳು.

ಪಾಪ, ಅವಳಿಗೆ ಗೊತ್ತಿರಲಿಲ್ಲ.

ಅದೇ ಬೆಳಿಗ್ಗೆ ಐದೂವರೆಗೆ ವಿಲ್ಸನ್ ಗಾರ್ಡನ್‌ನ ಮನೆಯ ಮೆಟ್ಟಿಲ ಮೇಲೆ ಸಿದ್ದರಾಜು ಫೋನು ಹಿಡಿದು ಕೂತಿದ್ದ. ಆರು ತಿಂಗಳಿಂದ ಗಂಟಲಲ್ಲಿ ನಿಂತ ಮಾತನ್ನು ಹಬ್ಬದ ದಿನ ಹೇಳಿಯೇ ತೀರುವುದೆಂದು ಅದೇ ಪುಟ ತೆರೆದ. ಬರೆದ. ಅಳಿಸಿದ. ಮತ್ತೆ ಬರೆದ. ಏಳು ಗಂಟೆಗೆ ಕಣ್ಣು ಮುಚ್ಚಿ ಕಳಿಸುವ ಬಟನ್ ಒತ್ತಿದ.

ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು... ಬಿಳಿಯಾಯಿತು. ಬರೆದದ್ದೂ ಮಾಯ.

ಮುಖ್ಯ ಪುಟ ತೆರೆದ. ಅದೂ ಇಲ್ಲ! ಹತ್ತು ಗಂಟೆಗೆ ನೋಡಿದ. ಇಲ್ಲ. ಸಂಜೆಯೂ ಇಲ್ಲ.

ಓದಿದಳು. ಓದಿ, ಬಾಗಿಲು ಹಾಕಿಕೊಂಡಳು, ಎಂದುಕೊಂಡ.

ಬೇರೆ ಯಾರಾದರೂ ಕರೆಂಟು ಹೋಗಿರಬಹುದು ಎಂದುಕೊಳ್ಳುತ್ತಿದ್ದರು. ಆದರೆ 'ನಾನು ಯಾವ ಲೆಕ್ಕ' ಎಂದು ಮೊದಲೇ ಅಂದುಕೊಂಡವನ ತಲೆಗೆ ಕರೆಂಟು ಹೊಳೆಯುವುದಿಲ್ಲ.

ಗುರುವಾರ ಬೆಳಿಗ್ಗೆ ವೆಬ್‌ಸೈಟ್ ಮತ್ತೆ ಬಂತು. ಅವನು ತನ್ನ ಪುಟ ತೆರೆದು ನೆತ್ತಿ ನೋಡಿದ. ಖಾಲಿ. ಬೈಗುಳವೂ ಇಲ್ಲ. ಮತ್ತೆ ತೆರೆದ, ಮತ್ತೆ ತೆರೆದ. ಕೊನೆಗೆ ಫೋನು ಜೇಬಿಗಿಟ್ಟು, ಕೋಣನಕುಂಟೆ ಕಡೆ ನೀರು ಬಿಡುವ ಗೆಳೆಯ ಪ್ರಮೋದನ ಮನೆಗೆ ಹೋದ.

"ಮಗಾ, ನನ್ನ ಏರಿಯಾ ನೀನು ತಗೊ. ನಿಂದು ನನಗೆ ಕೊಡು."

ಶುಕ್ರವಾರ ಬೆಳಿಗ್ಗೆ ಮೂಲೆಯ ಗುಂಡಿಯ ಬಳಿ ಹೊಸ ಮುಖ ಕಂಡು ತೇಜಸ್ವಿನಿ ನಿಂತಳು.

"ಸಿದ್ದರಾಜು ಬಂದಿಲ್ವಾ ಅಣ್ಣ?"

"ಇನ್ಮೇಲೆ ನಾನೇ ಮೇಡಂ, ಪ್ರಮೋದ ಅಂತ. ಅವನು ಏರಿಯಾ ಬದ್ಲಾಯಿಸ್ಕೊಂಡ," ಎಂದ ಅವನು.

"ಬದ್ಲಾಯಿಸ್ಕೊಂಡ್ರಾ... ಯಾಕೆ?"

"ಗೊತ್ತಿಲ್ಲ. ಕೇಳಿದ್ರೆ ಬಾಯಿ ಬಿಡಲ್ಲ. ಕೋಣನಕುಂಟೆ ಟ್ಯಾಂಕ್ ಹತ್ರ ಇರ್ತಾನೆ ಈಗ. ಸೋಮವಾರ ಕಾಗದಕ್ಕೆ ಸಹಿ ಬಿದ್ರೆ ಮುಗೀತು. ಆಮೇಲೆ ಎರಡು ವರ್ಷ ವಾಪಸ್ ಬರೋ ಹಾಗಿಲ್ಲ."

ಬಸ್ಸು ಬಂದು ನಿಂತು ಹೋಯಿತು. ಅವಳು ಹತ್ತಲಿಲ್ಲ.

ಒಂದು ಮಾತೂ ಹೇಳದೆ ಹೋದನಾ? ಆರು ತಿಂಗಳು... ಚಿತ್ರಾನ್ನದವರೆಗೆ ಎಲ್ಲಾ ಕೇಳುತ್ತಿದ್ದವನು! ನಾನು ಅವನಿಗೆ ಬಟನ್ ಒತ್ತುವ ಪುಟ ಮಾಡಿಕೊಟ್ಟವಳು ಮಾತ್ರವಾ?

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಅವನು ಬೇಕಿತ್ತು, ಅಷ್ಟೇ. ದಿನ ಬಿಟ್ಟು ದಿನ ಎರಡು ನಿಮಿಷ ಸಿಗುವವನು ಇಡೀ ದಿನಕ್ಕೆ ಬೇಕಾಗಿದ್ದ. ಅದು ಅವಳಿಗೆ ತಿಳಿದದ್ದು ಅವನು ಹೋದ ಮೇಲೆ.

ಆ ಸಂಜೆ ಅವಳು ಸ್ಟೂಲಿನ ಮುಂದೆ ಕೂತು ಅವನ ಪುಟವನ್ನು ಅಳಿಸಿಹಾಕಲು ಹೊರಟಳು. ಅಳಿಸುವ ಮುನ್ನ ಸುಮ್ಮನೆ, ಅಭ್ಯಾಸಬಲದಿಂದ, ಸರ್ವರಿನ ದಾಖಲೆ ತೆರೆದಳು. ಯಾವ ಪುಟವನ್ನು ಎಷ್ಟು ಹೊತ್ತಿಗೆ ತೆರೆಯಲಾಯಿತು ಎಂದು ಮನೆಯ ಆ ಕಂಪ್ಯೂಟರು ತಾನೇ ಬರೆದಿಡುತ್ತಿತ್ತು.

ಬುಧವಾರ, ಬೆಳಿಗ್ಗೆ ೫:೩೧. ಅವನ ಪುಟ ತೆರೆದಿತ್ತು.

ಆಯುಧಪೂಜೆಯ ದಿನ. ನೀರಿನ ಸರದಿ ಇಲ್ಲದ ದಿನ. ಬಟನ್ ಒತ್ತಲು ಏನೂ ಇಲ್ಲದಾಗ ಐದೂವರೆಗೆ ಇವನು ಅಲ್ಲಿಗೆ ಯಾಕೆ ಬಂದ?

ಆಮೇಲೆ ಆರೂಕಾಲಿಗೆ ದಾಖಲೆ ನಿಂತುಹೋಗಿತ್ತು. ಅದು ಅಮ್ಮ ವೈರು ಕಿತ್ತ ಹೊತ್ತು.

ಗುರುವಾರ. ೯:೦೫ಕ್ಕೆ ಅದೇ ಪುಟ. ೯:೦೭ಕ್ಕೆ ಮತ್ತೆ. ೯:೧೦, ೯:೧೬... ಬೆರಳಿಟ್ಟು ಎಣಿಸಿದಳು. ಒಂದು ಗಂಟೆಯಲ್ಲಿ ಹನ್ನೊಂದು ಸಲ. ಒಂದು ಸಲವೂ ಏನೂ ಬರೆದಿರಲಿಲ್ಲ.

ಏನೂ ಬರೆಯದವನು ಯಾಕೆ ಹನ್ನೊಂದು ಸಲ ತೆರೆಯುತ್ತಾನೆ? ಉತ್ತರ ಹುಡುಕುವವನು ತೆರೆಯುತ್ತಾನೆ!

"ಅಯ್ಯೋ ಅಮ್ಮಾ..." ಎಂದು ತೇಜಸ್ವಿನಿ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಏನೋ ಬರೆದು ಕಳಿಸಿದ್ದ. ಅದು ಬಂದು ಬಾಗಿಲು ತಟ್ಟುವಾಗ ಈ ಡಬ್ಬ ಕುಂಕುಮ ಇಟ್ಟುಕೊಂಡು ಮಲಗಿತ್ತು.

ಅಡುಗೆಮನೆಯಿಂದ ಈಶ್ವರಮ್ಮ, "ಯಾಕೇ, ಕೆಟ್ಟೋಯ್ತಾ?" ಎಂದರು.

"ಇಲ್ಲಮ್ಮ. ಸರಿಯಾಗಿದೆ."

ಶನಿವಾರ ಬೆಳಿಗ್ಗೆ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಕೋಣನಕುಂಟೆ ಕ್ರಾಸಿನಲ್ಲಿ ಇಳಿದಳು. ಟ್ಯಾಂಕ್ ಎಲ್ಲಿ ಎಂದು ಮೂವರನ್ನು ಕೇಳಿದಳು. ಮೂವರೂ ಮೂರು ದಿಕ್ಕು ತೋರಿಸಿದರು. ಕೊನೆಗೆ ಒಂದು ಬೇಕರಿಯ ಮುಂದಿನ ಗುಂಡಿಯಲ್ಲಿ, ಮಂಡಿಯೂರಿ ಕೂತಿದ್ದವನ ಬೆನ್ನು ಕಂಡಿತು. ಆ ಬೆನ್ನನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು.

"ಸಿದ್ದರಾಜು!"

ಅವನು ತಿರುಗಿದ. ಎದ್ದು ನಿಂತ. ಮುಖ ಬಿಳಿಚಿಕೊಂಡಿತು.

"ಮೇಡಂ... ನೀವು ಇಷ್ಟು ದೂರ ಬರೋ ಅಗತ್ಯ ಇರ್ಲಿಲ್ಲ. ನಾನು ಬರ್ದಿದ್ದು ತಪ್ಪು. ನೀವು ಮುಚ್ಚಿದ್ದು ಸರಿನೇ. ಯಾರ ಹತ್ರಾನೂ ಹೇಳಲ್ಲ, ಆ ಕಡೆ ಬರೋದೂ ಇಲ್ಲ."

"ನಾನೇನೂ ಮುಚ್ಚಿಲ್ಲ!" ತೇಜಸ್ವಿನಿಯ ದನಿ ಬೇಕರಿಯವರೆಗೂ ಕೇಳಿಸಿತು. "ಮುಚ್ಚಿದ್ದು ನಮ್ಮಮ್ಮ. ಆಯುಧಪೂಜೆ ಅಂತ ಎಲ್ಲಾ ವೈರೂ ಕಿತ್ತಾಕಿ ಕಂಪ್ಯೂಟರಿಗೆ ಕುಂಕುಮ ಇಟ್ಟಿದ್ರು. ಆರೂಕಾಲಿಂದ ಮಾರನೇ ದಿನದವರ್ಗೂ ಅದು ಸತ್ತೇ ಇತ್ತು. ನೀವು ಬರ್ದಿದ್ದು ಬರ್ಲೇ ಇಲ್ಲ!"

ಸಿದ್ದರಾಜು ಚಾವಿಯನ್ನು ಕಾಂಪೌಂಡಿಗೆ ಒರಗಿಸಿದ.

"ಕಂಪ್ಯೂಟರಿಗೂ... ಪೂಜೆನಾ?"

"ನೀವು ಆ ಚಾವಿಗೆ ಮಾಡ್ಲಿಲ್ವಾ?"

ಅವನು ಚಾವಿ ನೋಡಿದ. ಹಿಡಿಯ ಹತ್ತಿರ ಅರಿಶಿನ ಕುಂಕುಮ ಇನ್ನೂ ಅಂಟಿತ್ತು.

"ಹಾಗಾದ್ರೆ... ನೀವು ಓದೇ ಇಲ್ವಾ?"

"ಒಂದಕ್ಷರಾನೂ ಇಲ್ಲ. ಒಂದು ಪೂಜೆ ಮಾಡಿದ್ದಕ್ಕೆ ಊರೇ ಬಿಟ್ಟು ಹೋಗ್ತೀರಾ? ಬಂದು ಕೇಳ್ಬಾರ್ದಾ? ನಾನು ಎಷ್ಟು ಅತ್ತೆ ಗೊತ್ತಾ?"

ಆ ಕೊನೆಯ ಮಾತು ಹೇಳಬೇಕೆಂದುಕೊಂಡು ಬಂದದ್ದಲ್ಲ. ಗುಂಡಿಯೊಳಗೆ ಪೈಪು ಜುಳುಜುಳು ಎನ್ನುತ್ತಿತ್ತು.

"ಏನು ಬರ್ದಿದ್ರಿ?" ಈ ಸಲ ಮೆಲ್ಲಗೆ ಕೇಳಿದಳು.

"ಇಲ್ಲೇ ಹೇಳ್ಲಾ? ರಸ್ತೇಲಿ?"

"ನಮಗೆ ಬೇರೆಲ್ಲಿ ಜಾಗ ಇತ್ತು ಇಷ್ಟು ದಿನ?"

ಸಿದ್ದರಾಜು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನೆಲ ನೋಡುತ್ತಲೇ ಶುರು ಮಾಡಿದ.

"ನಿಮ್ಮ ಕ್ರಾಸು ನನ್ನ ಲಿಸ್ಟಲ್ಲಿ ಮೊದಲ್ನೇದು. ಆರು ಗಂಟೆಗೆ ಬಿಡ್ಬೇಕು. ಏಪ್ರಿಲ್‌ನಿಂದ ನಾನು ಅದನ್ನ ಕೊನೇಗೆ ಇಟ್ಕೊಂಡಿದೀನಿ. ಕೊನೇಗೆ ಇಟ್ಕೊಂಡ್ರೆ ಎಂಟೂ ಹತ್ತಕ್ಕೆ ಸರಿಯಾಗಿ ನಿಮ್ಮ ಮೂಲೇಲಿ ಇರ್ತೀನಿ. ನೀವು ಕಾಲೇಜಿಗೆ ಹೊರಡೋದು ಆಗ್ಲೇ ಅಲ್ವಾ..."

ತೇಜಸ್ವಿನಿ ಕಣ್ಣು ಮಿಟುಕಿಸದೆ ನೋಡಿದಳು. "ಆರು ತಿಂಗ್ಳಿಂದ ನಮ್ಮಮ್ಮ ನಮ್ ಕ್ರಾಸಿಗೆ ಮಾತ್ರ ನೀರು ಲೇಟು ಅಂತ ಬೈಕೋತಾ ಇದಾರೆ. ಅದು ನೀವಾ!"

"ನಾನೇ." ಈಗ ತಲೆ ಎತ್ತಿದ. "ಇದು ತಪ್ಪು ಅಂತ ಗೊತ್ತು. ನಿಮ್ಮನ್ನ ನೋಡೋಕೆ ಇಡೀ ಬೀದಿಯೋರನ್ನ ಕಾಯ್ಸೋದು ಸರಿಯಲ್ಲ. ನೀವು ಒಪ್ಪಿದ್ರೆ... ನೆಪ ಇಲ್ದೇನೆ ನಿಮ್ಮನ್ನ ದಿನಾ ನೋಡ್ಬೇಕು ನಾನು. ನಿಮ್ಮ ಜೊತೆ ಬಾಳ್ಬೇಕು. ಇಷ್ಟೇ ಬರ್ದಿದ್ದು."

ಅವಳ ಕಣ್ಣು ತುಂಬಿತು. ದುಪಟ್ಟಾದ ತುದಿಯಲ್ಲಿ ಒರೆಸಿಕೊಂಡಳು.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ! ಪ್ರಮೋದಣ್ಣಂಗೆ ಫೋನ್ ಮಾಡಿ, ಕಾಗದ ವಾಪಸ್ ತಗೊಳ್ಳಿ ಅನ್ನಿ. ನಮ್ ಕ್ರಾಸಿಗೆ ಆರು ಗಂಟೆಗೇ ನೀರು ಬಿಡಿ. ನಂಗೂ ನೀವು ಬೇಕು ಕಣ್ರೀ. ಬೇಡ ಅನ್ನೋಳು ಮೆಟ್ರೋ ಹತ್ತಿ ಬರ್ತಿದ್ಲಾ?"

ಸಿದ್ದರಾಜು ನಕ್ಕ. ಆಮೇಲೆ ಮುಖ ಒರೆಸಿಕೊಂಡ. ಬೆವರು ಎಂದು ಹೇಳಿದ. ಅವಳು ನಂಬಿದ ಹಾಗೆ ಮಾಡಿದಳು.

ಅವನು ಅಲ್ಲೇ ಪ್ರಮೋದನಿಗೆ ಫೋನ್ ಮಾಡಿದ. "ಮಗಾ, ಸೋಮವಾರದ್ದು ಬೇಡ. ನನ್ನ ಏರಿಯಾ ನಂಗೇ ಇರ್ಲಿ," ಎಂದ. ಆ ಕಡೆಯಿಂದ ಬಂದ ಬೈಗುಳ ಅವಳಿಗೂ ಕೇಳಿಸಿತು.

"ಅಯ್ಯಾ, ನೀರು ಬಿಡ್ತೀಯೋ ಇಲ್ವೋ?" ಎದುರು ಮನೆಯ ಅಜ್ಜಿ ಕೊಡ ಹಿಡಿದು ಗೇಟಿಗೆ ಬಂದರು. ಸಿದ್ದರಾಜು ಬಗ್ಗಿ ವಾಲ್ವ್ ತಿರುಗಿಸಿದ. ತೇಜಸ್ವಿನಿ ಬೇಕರಿಯಿಂದ ಎರಡು ಟೀ ತಂದಳು. ಇಬ್ಬರೂ ಕಾಂಪೌಂಡ್ ಕಟ್ಟೆಯ ಮೇಲೆ ಕೂತು ಕುಡಿದರು. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

"ನಾಳೆ ಭಾನುವಾರ," ಎಂದಳು ಅವಳು. "ಅಪ್ಪ ಅಮ್ಮ ಇಬ್ರೂ ಇರ್ತಾರೆ. ಮನೆಗೆ ಬನ್ನಿ."

ಅವನು ಅವಳ ಕಡೆ ತಿರುಗಿದ. "ನಾಳೇನಾ? ನಾನು ಕಾಂಟ್ರಾಕ್ಟ್ ಕೆಲಸದೋನು ತೇಜಸ್ವಿನಿ. ನಿಮ್ಮಪ್ಪ ಕೂಗಾಡಲ್ವಾ?"

"ಕೂಗಾಡ್ತಾರೆ."

"ಅಮ್ಮ?"

"ಅಮ್ಮ ಬೈತಾರೆ. ಒಂದು ವಾರ ಮಾತೂ ಬಿಡ್ಬಹುದು. ನೀವು ಎದ್ದು ಹೋಗ್ಬೇಡಿ, ಕೂತಿರಿ. ನಾನು ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ."

ಸಿದ್ದರಾಜು ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟ.

"ಹಾಗಾದ್ರೆ ಎಷ್ಟಾದ್ರೂ ಬೈಲಿ," ಎಂದ.